ಬರಿಹೊಟ್ಟೆಯ ಕೈ

ಎಪ್ಪತ್ತರ ಆಸುಪಾಸಿನಲ್ಲಿ ನೀವು ಕುರುಗೋಡಿಗೆ ಬಂದು ಉಜ್ಜಿನಪ್ಪನ ಮನೆ ಎಲ್ಲಿ ಎಂದು ಕೇಳಿದ್ದರೆ, ಯಾವ ಉಜ್ಜಿನಪ್ಪ ಎಂದು ಜನ ನಿಮ್ಮನ್ನೇ ತಿರುಗಿ ಕೇಳುತ್ತಿದ್ದರು. ಬಟ್ಟಿ ತಿಕ್ಕುವ ಕೊಟ್ರವ್ವನ ಮನೆ ಎಂದಿದ್ದರೆ ಮಾತ್ರ ಸೋಡಾ ಅಂಗಡಿಯವನು ಗಿರಾಕಿಗಳನ್ನು ಬಿಟ್ಟು ಎದ್ದು ಬಂದು ಓಣಿಯ ತನಕ ದಾರಿ ತೋರಿಸುತ್ತಿದ್ದ. ಆ ಕೊಟ್ರವ್ವ, ಅಂದರೆ ಕೊಟ್ರಬಸಮ್ಮ, ನನ್ನ ಒಡಹುಟ್ಟಿದ ಅಕ್ಕ. ಉಜ್ಜಿನಪ್ಪ ಆಕೆಯ ಗಂಡ, ನನ್ನ ಭಾವ. ಹೆಂಡತಿಯ ಹೆಸರಿನಿಂದ ತನ್ನ ಮನೆ ಗುರುತಾಗುವುದು ಆತನಿಗೆ ಅವಮಾನವಾಗಿರಲಿಲ್ಲ, ಹೆಮ್ಮೆಯೇ ಇತ್ತು. ಆ ಹೆಮ್ಮೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬಟ್ಟಿ ಎಂದರೇನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಹೊಕ್ಕುಳಿನಲ್ಲಿ ಒಂದು ನಾಡಿ ಮಿಡಿಯುತ್ತದೆ. ಭಾರ ಎತ್ತಿದಾಗ, ಕಾಲು ಜಾರಿದಾಗ, ಹೆದರಿದಾಗ ಅದು ಜಾಗ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ ಎಂದು ನಂಬಿಕೆ. ಆಗ ಹೊಟ್ಟೆ ನೋಯುತ್ತದೆ, ಊಟ ಸೇರುವುದಿಲ್ಲ, ಕೈಕಾಲು ಸೋಲುತ್ತವೆ. ಹೊಟ್ಟೆಗೆ ಔಡಲೆಣ್ಣೆ ಹಚ್ಚಿ, ಹೆಬ್ಬೆರಳಿನಿಂದ ಆ ನಾಡಿಯನ್ನು ಹುಡುಕಿ, ತಿಕ್ಕಿ ತಿಕ್ಕಿ ಮರಳಿ ಅದರ ಜಾಗಕ್ಕೆ ತರಬೇಕು. ಎಲ್ಲರ ಕೈಗೂ ಅದು ಸಿಗುವುದಿಲ್ಲ, ಅದಕ್ಕೆ ಕೈಗುಣ ಬೇಕು.

ಅಕ್ಕನಿಗೆ ಆ ಕೈ ಬಂದದ್ದು ಅತ್ತೆ ಚನ್ನವೀರಮ್ಮನಿಂದ. ಮುದುಕಿ ಸಾಯುವ ಮುಂಚೆ ಸೊಸೆಯ ಬಲಗೈ ಹೆಬ್ಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದು, ನನ್ನ ಕೈ ನಿನಗೆ ಎಂದು ಹೇಳಿ ಕಣ್ಣು ಮುಚ್ಚಿದಳಂತೆ. ಕೈ ಕೊಡುವುದು ಎಂದು ಅದಕ್ಕೆ ಹೆಸರು. ತೆಗೆದುಕೊಳ್ಳುವವಳು ಬರಿಹೊಟ್ಟೆಯಲ್ಲಿರಬೇಕು. ಒಂದು ತುತ್ತು ಬಾಯಿಗೆ ಹೋಗಿದ್ದರೂ ಕೈ ದಾಟುವುದಿಲ್ಲ. ದಾಟಿದ ಮೇಲೆ ಕಟ್ಟುಪಾಡು ಶುರು. ದುಡ್ಡು ಮುಟ್ಟಬಾರದು, ಬಾಗಿಲಿಗೆ ಬಂದವರನ್ನು ಹಿಂದಕ್ಕೆ ಕಳಿಸಬಾರದು, ಬಂದವರಲ್ಲಿ ಕೊನೆಯವಳ ಹೊಟ್ಟೆ ಮುಟ್ಟುವ ತನಕ ತಾನು ಅನ್ನ ಮುಟ್ಟಬಾರದು.

ಚನ್ನವೀರಮ್ಮನ ಕಾಲಕ್ಕೆ ಇದೇನೂ ಕಷ್ಟದ ಮಾತಾಗಿರಲಿಲ್ಲ. ಊರಿನ ನಾಲ್ಕು ಹೆಂಗಸರು ಬರುತ್ತಿದ್ದರು, ಹೊತ್ತೇರುವ ಮುಂಚೆ ಮುದುಕಿ ರೊಟ್ಟಿ ಮುರಿಯುತ್ತಿದ್ದಳು. ಆಮೇಲೆ ಕಾಲುವೆ ಬಂತು, ಬತ್ತದ ಗದ್ದೆ ಬಂತು, ದಿನವಿಡೀ ಬಗ್ಗಿ ನಾಟಿ ಹಚ್ಚುವ ಕೂಲಿ ಬಂತು. ಊರೂರಿಗೆ ಬಸ್ಸು ಬಂತು. ಬಸ್ಸಿನಲ್ಲಿ ಹೊಟ್ಟೆನೋವುಗಳೂ ಬಂದವು. ಬಾದನಹಟ್ಟಿಯಿಂದ, ಹಚ್ಚೊಳ್ಳಿಯಿಂದ, ಅತ್ತ ಬಳ್ಳಾರಿ ಕಡೆಯ ಸಂಗನಕಲ್ಲಿನಿಂದಲೂ ಹೆಂಗಸರು ಬಂದು ಅಕ್ಕನ ಜಗಲಿಯ ಮೇಲೆ ಸಾಲಾಗಿ ಕುಳಿತಿರುತ್ತಿದ್ದರು. ಊರು ಬದಲಾಯಿತು, ಕಟ್ಟುಪಾಡು ಮಾತ್ರ ಮುದುಕಿ ಇಟ್ಟಲ್ಲೇ ಇತ್ತು. ಸ್ನಾನ, ಲಿಂಗಪೂಜೆ ಮುಗಿಸಿ ಬೆಳಗ್ಗೆ ಜಗಲಿಗೆ ಬಂದು ಕುಳಿತ ಅಕ್ಕ ಏಳುವಾಗ ಮಧ್ಯಾಹ್ನ ತಿರುಗಿರುತ್ತಿತ್ತು.

ಚಹಾ ಒಂದಕ್ಕೆ ಮಾತ್ರ ರಿಯಾಯಿತಿ. ಮುದುಕಿಯ ಕಾಲದಲ್ಲಿ ಆ ಮನೆಯಲ್ಲಿ ಚಹಾವೇ ಇರಲಿಲ್ಲವಾದ್ದರಿಂದ ಅದನ್ನು ಬೇಡ ಎಂದು ಆಕೆ ಹೇಳಿರಲಿಲ್ಲ. ಹಾಲು ಆಹಾರವಾಯಿತು, ಅದು ಕೂಡದು. ಹಾಲಿಲ್ಲದ ಕರಿ ಚಹಾ ನಡೆಯುತ್ತದೆ ಎಂದು ಗಂಡ ಹೆಂಡತಿ ಕುಳಿತು ತೀರ್ಮಾನ ಮಾಡಿಕೊಂಡಿದ್ದರು. ಭಾವನೇ ಒಲೆಯ ಮುಂದೆ ಕುಳಿತು, ಕಡಕ್ಕಾಗಿ ಕುದಿಸಿ, ಸಕ್ಕರೆ ಸುರಿದು, ಲೋಟ ತಂದು ಆಕೆಯ ಮಗ್ಗುಲಲ್ಲಿ ಇಡುತ್ತಿದ್ದ. ಅದು ಮುಗಿದರೆ ಇನ್ನೊಂದು. ನಮ್ಮ ಕಡೆ ಹೆಂಡತಿಗೆ ಚಹಾ ಮಾಡಿಕೊಡುವ ಗಂಡಸು ಆಗ ಎಲ್ಲಿದ್ದ? ಓಣಿಯ ಹೆಂಗಸರು ಅಕ್ಕನ ಪುಣ್ಯವನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದರು.

ನಾನು ಸಿರುಗುಪ್ಪದ ಸಾಲೆಯಲ್ಲಿ ಅಕ್ಕೋರು, ವಿರೂಪಮ್ಮ ಎಂದು ಹೆಸರು. ನನಗೆ ಸಿಟ್ಟು ಬೇಗ ಬರುತ್ತದೆ. ಮಕ್ಕಳಿಗೆ ಪಾಠ ಹೇಳುವವರಿಗೆ ಹತ್ತುವ ರೋಗ ಅದು. ರಜೆಯಲ್ಲಿ ಅಕ್ಕನ ಮನೆಗೆ ಹೋದಾಗಲೆಲ್ಲ ಆ ಜಗಲಿಯನ್ನು ನೋಡಿ ಜಗಳ ತೆಗೆಯುತ್ತಿದ್ದೆ.

ಒಂದು ಬೆಳಗ್ಗೆ ಪಡಸಾಲೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಓಣಿಯ ಹಿರಿಯ ಹೆಂಗಸು ಎರ್ರಮ್ಮ, ಸಾಲಿನಲ್ಲಿ ಯಾರು ಮುಂದೆ ಯಾರು ಹಿಂದೆ ಎಂದು ಹೇಳುವ ಅಧಿಕಾರವನ್ನು ತಾನಾಗಿಯೇ ತೆಗೆದುಕೊಂಡು, ಕೋಲು ಹಿಡಿದು ಕುಳಿತಿದ್ದಳು. ಚಾಪೆಯ ಮೇಲೆ ಮಲಗಿದವಳ ಹೊಟ್ಟೆಯ ಮೇಲೆ ಅಕ್ಕನ ಬೆರಳು ಮೆಲ್ಲಗೆ ಸುತ್ತುತ್ತಿತ್ತು. ಸ್ವಲ್ಪ ಹೊತ್ತಿಗೆ ಮಲಗಿದವಳು ಮಾತಿಗೆ ಶುರು ಮಾಡಿದಳು. ಗಂಡ ಕುಡಿದು ಬಂದು ಒಲೆ ಒದ್ದದ್ದು, ಮೈದುನ ಹಿತ್ತಿಲಿಗೆ ಬೇಲಿ ಹಾಕಿದ್ದು, ಬಸಿರು ನಿಲ್ಲದೆ ಹೋದದ್ದು. ಅಕ್ಕ ಹೂಂ ಎನ್ನುತ್ತಿದ್ದಳು, ಅಷ್ಟೇ. ಕೊನೆಗೆ ಅವಳು ಕಣ್ಣೊರೆಸಿಕೊಂಡು, ಈಗ ಹಗುರಾತವ್ವ ಎಂದು ಎದ್ದು ಹೋದಳು. ಅವಳ ಜಾಗಕ್ಕೆ ಇನ್ನೊಬ್ಬಳು ಬಂದು ಮಲಗಿದಳು. ಅಕ್ಕ ತನ್ನ ಎಡಗೈಯನ್ನು ಎದೆಯ ಕೆಳಗೆ ಒತ್ತಿ ಹಿಡಿದು ಬಲಗೈಯಿಂದ ತಿಕ್ಕುತ್ತಿರುವುದನ್ನು ನಾನು ಆಗ ಗಮನಿಸಿದೆ.

ಮಧ್ಯಾಹ್ನ ಕೇಳಿದೆ. "ಅಕ್ಕ, ಇವರಿಗೆಲ್ಲ ಖರೇವಂದ್ರೂ ಬಟ್ಟಿ ಸರದಿರ್ತೈತೇನ?"

ಅಕ್ಕ ನಕ್ಕಳು. "ಯಾರಿಗೋ ಒಬ್ಬಾಕಿಗೆ ಸರದಿರ್ತೈತಿ. ಉಳದೋರಿಗೆ ಮನ್ಯಾಗಿನ ಚಿಂತಿ. ಅದಕ್ಕ ಬೇರೆ ಔಷಧ ಎಲ್ಲೈತಿ ಹೇಳು?"

"ನಿನ್ನ ಹೊಟ್ಟಿಗೆ ಏನಾಗೈತಿ? ಒತ್ತಿ ಹಿಡಕೊಂಡಿದ್ದಿ."

"ಏನಿಲ್ಲ. ಒಂಚೂರು ಉರೀತೈತಿ. ಉಂಡ ಮ್ಯಾಲ ತಣ್ಣಗಾಕ್ಕೈತಿ."

"ಮತ್ತ ಮುಂಜಾನೆ ಉಣ್ಣು."

ಅಕ್ಕ ತಣ್ಣಗಾಗಿದ್ದ ರೊಟ್ಟಿಯ ಮೇಲೆ ಕೆಂಪು ಖಾರ ಹಾಕಿಕೊಂಡು ತಿನ್ನತೊಡಗಿದಳು.

ಆ ಉರಿ ಹೋಗಲಿಲ್ಲ. ಎರ್ರಮ್ಮ ತನಗೆ ತಿಳಿದಂತೆ ನೋಡಿ, ಕೊಟ್ರವ್ವನಿಗೂ ಬಟ್ಟಿ ಸರಿದಿದೆ ಎಂದು ಹೇಳಿದಳಂತೆ. ತನ್ನ ಹೊಟ್ಟೆಯನ್ನು ತಾನೇ ತಿಕ್ಕಿಕೊಳ್ಳಲು ಬರುವುದಿಲ್ಲ, ಕೈ ಇರುವ ಇನ್ನೊಬ್ಬಳು ಸುತ್ತಮುತ್ತ ಇಲ್ಲ. ಹೀಗೆ ಒಂದೆರಡು ವರ್ಷ ಕಳೆದವು. ಅಕ್ಕನ ಮುಖ ಬಾಡಿತು, ರವಿಕೆ ಸಡಿಲಾಯಿತು. ಸಣ್ಣ ಸದ್ದಿಗೂ ಬೆಚ್ಚುತ್ತಿದ್ದಳು. ಮಗ್ಗುಲಲ್ಲಿ ಪಾತ್ರೆ ಬಿದ್ದರೆ ಎದೆ ಹಿಡಿದುಕೊಳ್ಳುತ್ತಿದ್ದಳು. ನಿದ್ದೆ ಬರುವುದಿಲ್ಲ, ಕಣ್ಣು ಮುಚ್ಚಿದರೆ ಎಲ್ಲರ ಮಾತೂ ಕಿವಿಯಲ್ಲಿ ಕೇಳುತ್ತದೆ ಎಂದಳು. ಒಂದು ದಿನ ರಕ್ತ ವಾಂತಿಯಾಗಿದೆ ಎಂದು ಸುದ್ದಿ ಬಂದಾಗ ನಾನು ಸಾಲೆ ಬಿಟ್ಟು ಓಡಿ, ಅಕ್ಕನನ್ನೂ ಭಾವನನ್ನೂ ಬಸ್ಸು ಹತ್ತಿಸಿಕೊಂಡು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋದೆ.

ಡಾಕ್ಟರು ವಯಸ್ಸಾದವರು, ಸಮಾಧಾನದ ಮನುಷ್ಯ. ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದರು. ಬರಿಹೊಟ್ಟೆಯಲ್ಲಿ ಇರುವುದು, ಖಾರ, ಚಿಂತೆ, ನಿದ್ದೆಗೇಡು, ಇವೆಲ್ಲ ಸೇರಿ ಅದನ್ನು ಕೆದಕುತ್ತಿವೆ ಎಂದರು. ಬೆಳಗ್ಗೆ ಎದ್ದ ಕೂಡಲೇ ಏನಾದರೂ ತಿನ್ನಬೇಕು, ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ತಿನ್ನಬೇಕು, ಮನಸ್ಸಿಗೆ ವಿಶ್ರಾಂತಿ ಬೇಕು.

"ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹೊಟ್ಟೆಗೆ ಏನೂ ಹೋಗೋದೇ ಇಲ್ವಾ?" ಎಂದು ಕೇಳಿದರು.

ಭಾವ ಮುಂದೆ ಬಂದ. ಹೆಂಡತಿಯನ್ನು ಉಪವಾಸ ಕೆಡವಿಲ್ಲ ಎಂದು ಹೇಳುವ ಆತುರ ಆತನಿಗೆ. "ಚಾ ಕುಡೀತಾಳ್ರಿ ಸಾಹೇಬ್ರ. ನಾನಽ ಕಡಕ್ ಮಾಡಿ ಕೊಡ್ತೀನ್ರಿ. ಹಾಲು ಹಾಕಂಗಿಲ್ಲ. ನಾಕೈದು ಲೋಟ ಆಕ್ಕಾವ್ರಿ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಆತನನ್ನು ನೋಡಿದರು. ಆಮೇಲೆ ಮೆಲ್ಲಗೆ, "ಇನ್ನು ಮೇಲೆ ಕೊಡಬೇಡಪ್ಪ. ಈ ಹುಣ್ಣಿಗೆ ಅದು ಒಳ್ಳೇದಲ್ಲ," ಎಂದರು. ಭಾವ ಹೂಂ ಎಂದು ತಲೆಯಾಡಿಸಿದ. ವಾಪಸ್ಸು ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಹೋಟೆಲಿನ ಮುಂದೆ ನಾನು ಚಹಾ ಕುಡಿಯೋಣವೇ ಎಂದರೆ ಆತ ರಸ್ತೆಯ ಆ ಕಡೆಗೆ ದಾಟಿಬಿಟ್ಟ.

ಅಕ್ಕನನ್ನು ನಾನು ಕುರುಗೋಡಿಗೆ ಬಿಡಲಿಲ್ಲ. ನೆಟ್ಟಗೆ ಸಿರುಗುಪ್ಪಕ್ಕೆ ಕರೆತಂದೆ. ನನ್ನ ಗಂಡ ರೈಸ್‌ಮಿಲ್ಲಿನ ಗುಮಾಸ್ತ, ಬೆಳಗ್ಗೆ ಹೋದರೆ ಸಂಜೆಯೇ ಬರುವುದು. ಮಕ್ಕಳಿಲ್ಲದ ಮನೆ. ಅಕ್ಕನನ್ನು ಕೂರಿಸಿ ಉಣ್ಣಿಸುವುದೇ ನನಗೆ ಕೆಲಸವಾಯಿತು. ಎದ್ದ ಕೂಡಲೇ ಗಂಜಿ, ಸ್ವಲ್ಪ ಹೊತ್ತಿಗೆ ಹಾಲು ಅನ್ನ, ಸಾಲೆಗೆ ಹೊರಡುವ ಮುಂಚೆ ಬಾಳೆಹಣ್ಣು. ಮೊದಮೊದಲು ಆಕೆಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಾಗಿಲ ಕಡೆ ನೋಡುತ್ತ, ತುತ್ತು ಕೈಯಲ್ಲಿ ಹಿಡಿದು ಹಾಗೇ ಕೂರುತ್ತಿದ್ದಳು. ಬರಬರುತ್ತ ರೂಢಿಯಾಯಿತು. ಉರಿ ತಗ್ಗಿತು. ಮಿಲ್ಲಿನ ಸದ್ದಿನಲ್ಲೂ ನಿದ್ದೆ ಬಂತು. ಕೆನ್ನೆ ಒಂಚೂರು ತುಂಬಿಕೊಂಡಿತು. ಒಂದು ದಿನ ಕನ್ನಡಿ ನೋಡಿಕೊಂಡು, "ವಿರೂಪಿ, ನಾನು ನಮ್ಮವ್ವನಂಗ ಕಾಣ್ತೀನಲ್ಲಲೇ," ಎಂದಳು. ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ಆ ದಿನಗಳಲ್ಲೇ ಆಕೆ ನನಗೆ ಹನುಮಮ್ಮನ ಮಾತು ಹೇಳಿದ್ದು. ಇಬ್ಬರೂ ಹಿತ್ತಿಲಲ್ಲಿ ಅಕ್ಕಿ ಕೇರುತ್ತ ಕುಳಿತಿದ್ದೆವು.

"ಬಾದನಹಟ್ಟಿ ಹನುಮಮ್ಮ ಅಂತ ಒಬ್ಬಾಕಿ ಬರ್ತಿದ್ಳು. ನೀ ನೋಡಿಲ್ಲ. ಮಕ್ಕಳಾಗಿಲ್ಲ ಅಂತ ಮನ್ಯಾಗ ದಿನಾ ಬೈತಿದ್ರು. ಆಕಿಗೆ ಬಟ್ಟಿ ಗಿಟ್ಟಿ ಏನೂ ಸರೀತಿದ್ದಿಲ್ಲ. ಬಂದು ಚಾಪಿ ಮ್ಯಾಲ ಮಕ್ಕೊಂಡು, ಅತ್ತು ಹೋಗ್ತಿದ್ಳು. ಒಂದಿನ ನನಗ ಜ್ವರ ಬಂದಿದ್ವು. ತಾಳಲಾರದ ಗಂಜಿ ಕುಡದುಬಿಟ್ಟೆ. ಆಮ್ಯಾಲ ಆಕಿ ಬಂದ್ಳು. ಉಂಡೀನವ್ವ, ಮುಟ್ಟಂಗಿಲ್ಲ, ನಾಳಿ ಬಾ ಅಂದೆ. ಆಗ್ಲವ್ವ ಅಂದ್ಳು. ಒಂದ್ ಚೆಂಬು ನೀರು ಕೇಳಿ ಕುಡದ್ಳು. ಹೋದ್ಳು." ಅಕ್ಕ ಮೊರದಲ್ಲಿದ್ದ ಕಲ್ಲೊಂದನ್ನು ಆಯ್ದು ಎಸೆದಳು. "ಮರುದಿನ ಅವರೂರ ಬಾವ್ಯಾಗ ಸಿಕ್ಕಳಂತ."

ನನಗೆ ಸಿಟ್ಟು ಬಂತು. "ಆಕಿನ್ನ ಸಾಯಿಸಿದ್ದು ಆಕಿ ಮನಿ ಮಂದಿ. ನಿನ್ನ ಗಂಜಿ ಅಲ್ಲ."

"ನನಗ ಗೊತ್ತಿಲ್ಲೇನು? ಗೊತ್ತೈತಿ. ಗೊತ್ತಿದ್ರೇನಾತು? ಮುಂಜಾನೆ ತುತ್ತು ಎತ್ತಿದ್ರ ಆಕಿ ಚೆಂಬು ಎತ್ತಿ ನೀರು ಕುಡಿಯೋದು ಕಾಣ್ತೈತಿ."

ಇಷ್ಟು ವರ್ಷ ನಾನು ಜಗಳವಾಡಿದ್ದು ಅತ್ತೆಯ ಕಟ್ಟುಪಾಡಿನ ಜೊತೆ ಎಂದುಕೊಂಡಿದ್ದೆ. ಅದು ಅಷ್ಟು ಸುಲಭದ್ದಾಗಿರಲಿಲ್ಲ ಎಂದು ಆವತ್ತು ತಿಳಿಯಿತು. ಸಂಜೆ ನಾನು ಒಲೆಯ ಮುಂದೆ ಕುಳಿತು ಅತ್ತುಬಿಟ್ಟೆ. ಅಕ್ಕನಿಗೆ ಕಾಣದ ಹಾಗೆ ಅತ್ತೆ.

ಅಕ್ಕ ಸಿರುಗುಪ್ಪದಲ್ಲಿರುವ ಸುದ್ದಿ ಹರಡಲು ಎಷ್ಟು ಹೊತ್ತು? ಹೆಂಗಸರು ನಮ್ಮ ಬಾಗಿಲಿಗೂ ಬಂದರು. ನಾನು ಒಬ್ಬೊಬ್ಬರನ್ನೂ ಸಾಲೆಯ ಹುಡುಗರನ್ನು ಗದರಿಸುವ ಹಾಗೆ ಗದರಿಸಿ ಕಳಿಸಿದೆ. ಕಳಿಸಿದ್ದು ಸರಿ. ಇವತ್ತಿಗೂ ನನಗೆ ಅದರಲ್ಲಿ ಅನುಮಾನವಿಲ್ಲ.

ಹಾಗೆ ಒಂದು ಬೆಳಗ್ಗೆ ಹಚ್ಚೊಳ್ಳಿಯ ಎಳೆಯ ಹೆಣ್ಣುಮಗಳೊಬ್ಬಳು ಬಂದಳು. ಟ್ರ್ಯಾಕ್ಟರಿನಲ್ಲಿ ಬಂದಿದ್ದಳೆಂದು ಕಾಣುತ್ತದೆ, ಸೀರೆಯ ತುಂಬ ದೂಳು. ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. "ಇಲ್ಲಿ ಯಾರೂ ತಿಕ್ಕೋದಿಲ್ಲ, ಸರ್ಕಾರಿ ದವಾಖಾನಿಗೆ ಹೋಗು," ಎಂದೆ. ಆಕೆ ಎದುರು ಮಾತಾಡದೆ ಆಗ್ಲರಿ ಎಂದು ತಿರುಗಿದಳು. ಒಳಗೆ ಅಕ್ಕ ಹಾಲು ಅನ್ನ ಉಣ್ಣುತ್ತಿದ್ದಳು. ಕಿಟಕಿಯಿಂದ ನೋಡಿದಳೋ ಏನೋ, ಆ ಹುಡುಗಿ ಕಾಲುವೆಯ ದಾರಿಯತ್ತ ನಡೆಯುತ್ತಿರುವುದು ಆಕೆಗೆ ಕಂಡಿತು. ಬಸ್‌ಸ್ಟ್ಯಾಂಡೂ ಅದೇ ದಾರಿಯಲ್ಲಿತ್ತು. ಆದರೆ ಅಕ್ಕನಿಗೆ ಕಾಲುವೆಯ ನೀರೊಂದೇ ಕಂಡಿತು. ಎಂಜಲು ಕೈಯಲ್ಲೇ, ಬರಿಗಾಲಲ್ಲಿ ನನ್ನನ್ನು ತಳ್ಳಿಕೊಂಡು ಬೀದಿಗೆ ಓಡಿದಳು. "ಯವ್ವಾ, ನಿಂದ್ರು! ನಿಂದ್ರವ್ವಾ!"

ಕೈಹಿಡಿದು ಕರೆತಂದಳು. ಕೈ ತೊಳೆದು, ಚಾಪೆ ಹಾಸಿ, ಎಣ್ಣೆ ಹಚ್ಚಿ ಕುಳಿತಳು. ಹುಡುಗಿ ಮಲಗಿ, ತವರಿನವರು ಒಂದು ವರ್ಷದಿಂದ ಕರೆಯಲು ಬಂದಿಲ್ಲ ಎಂದು ಹೇಳಿ ಅತ್ತಳು. ಅತ್ತ ಮೇಲೆ ಮುಖ ತಿಳಿಯಾಯಿತು. ಗಂಜಿ ಕೊಟ್ಟೆ, ಕುಡಿದಳು. ಈಗ ಆರಾಮ ಐತ್ರಿ ಎಂದು ಹೇಳಿ ಬಸ್ಸಿಗೆ ಹೋದಳು. ಇಷ್ಟೇ ನಡೆದದ್ದು. ನಾನು ಸಮಾಧಾನದ ಉಸಿರು ಬಿಟ್ಟು ಅಕ್ಕನ ಕಡೆ ತಿರುಗಿದರೆ ಆಕೆ ತನ್ನ ಹೆಬ್ಬೆರಳನ್ನೇ ನೋಡುತ್ತ ಕುಳಿತಿದ್ದಳು.

"ನಾಡಿ ಸಿಗಲಿಲ್ಲಲೇ ವಿರೂಪಿ."

"ಓಡಿ ಬಂದಿ, ಕೈ ನಡಗಾಕ್ಹತ್ತೈತಿ, ಅದಕ್ಕ ಸಿಕ್ಕಿಲ್ಲ."

"ಅಲ್ಲ. ಉಂಡಿದ್ದೆ. ಕೈ ಕೆಡ್ತು."

"ಆಕಿಗೆ ಆರಾಮ ಆತಲ್ಲ!"

"ಇವತ್ತಾತು," ಎಂದಳು ಅಕ್ಕ. ಆ ಮೇಲೆ ಅನ್ನದ ತಟ್ಟೆಯನ್ನು ಮುಟ್ಟಲಿಲ್ಲ.

ಮರುದಿನ ಹೊರಟು ನಿಂತಳು. ನಾನು ಬೈದೆ, ಕಾಲು ಹಿಡಿದೆ, ಸಾಲೆಗೆ ರಜೆ ಹಾಕಿ ಬಾಗಿಲಿಗೆ ಅಡ್ಡ ಕುಳಿತೆ. "ಅಲ್ಲಿ ಮಂದಿ ಬಂದು ಹಿಂದಕ್ಕ ಹೋಗಾಕ್ಹತ್ತ್ಯಾರ. ಅವರೊಳಗ ಯಾರು ಎಂಥಾಕಿ ಅಂತ ನನಗ ಹ್ಯಾಂಗ ಗೊತ್ತಾಕ್ಕೈತಿ? ನನ್ನ ಬಿಡು," ಎಂದಳು. ಬಿಡದೆ ಏನು ಮಾಡಲಿ? ಕಟ್ಟಿ ಹಾಕಲು ಆಕೆ ಕರುವಲ್ಲ. ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ಕೆನ್ನೆ ಮುಟ್ಟಿದಳು. ಆ ಹೆಬ್ಬೆರಳಿನ ಔಡಲೆಣ್ಣೆಯ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ.

ಕುರುಗೋಡಿನಲ್ಲಿ ಹಳೆಯ ದಿನಚರಿ ಶುರುವಾಯಿತು. ಭಾವ ಚಹಾ ಮಾಡುವುದನ್ನು ನಿಲ್ಲಿಸಿದ್ದ. ಅದರ ಬದಲು ಏನು ಮಾಡಬೇಕೆಂದು ಆತನಿಗೆ ತಿಳಿಯಲಿಲ್ಲ. ಉಣ್ಣು ಎಂದು ಒಂದು ಸಲ ಹೇಳಿದನಂತೆ, ಆಕೆ ಆಮೇಲೆ ಎಂದಳಂತೆ. ಅಷ್ಟಕ್ಕೇ ಎದ್ದು ಹೊಲಕ್ಕೆ ಹೋದನಂತೆ. ಆ ನಡುವೆ, ಬೇರೆ ಊರಲ್ಲಿ ದುಡಿಯುತ್ತಿದ್ದ ಅಕ್ಕನ ಒಬ್ಬನೇ ಮಗನಿಗೆ ಮದುವೆಯಾಗಿ ಸೊಸೆ ಅಂಬಮ್ಮ ಮನೆಗೆ ಬಂದಳು. ಮೆತ್ತಗಿನ ಹುಡುಗಿ, ಯಾರು ಏನು ಹೇಳಿದರೂ ಹೂಂ ಎನ್ನುವವಳು. ಒಂದು ವರ್ಷದೊಳಗೆ ಬಸಿರಾದಳು. ಎರ್ರಮ್ಮ ಆಗಲೇ ಆ ಹುಡುಗಿಯ ಹೆಬ್ಬೆರಳು ಹಿಡಿದು, ಉದ್ದ ಐತಿ, ಚೊಲೋ ಐತಿ ಎಂದು ಹೊಗಳಿದ್ದಳಂತೆ.

ಮಾಗಿ ಚಳಿಯಲ್ಲಿ ಒಂದು ಮುಂಜಾನೆ ಅಕ್ಕ ಯಾರದೋ ಹೊಟ್ಟೆ ತಿಕ್ಕುತ್ತಿದ್ದವಳು ಹಾಗೇ ಮುಂದಕ್ಕೆ ಬಾಗಿ ಅವಳ ಮೇಲೆಯೇ ಬಿದ್ದಳು. ಹುಣ್ಣು ತೂತಾಗಿತ್ತು. ಬಳ್ಳಾರಿಗೆ ಒಯ್ಯುವ ಹೊತ್ತಿಗೆ ಹೊಟ್ಟೆ ಕಲ್ಲಿನಂತೆ ಬಿಗಿದಿತ್ತು. ಆಪರೇಷನ್ ಮಾಡಿದರು. ಅದೇ ಡಾಕ್ಟರು ಹೊರಗೆ ಬಂದು ನನ್ನನ್ನು ಪಕ್ಕಕ್ಕೆ ಕರೆದು, ತಡವಾಗಿದೆ ತಾಯಿ, ಒಳಗೆಲ್ಲ ಕೀವು ಹರಡಿದೆ, ಇವತ್ತೋ ನಾಳೆಯೋ ಎಂದರು. ಭಾವನಿಗೆ ನಾನು ಹೇಳಲಿಲ್ಲ. ಆತ ವಾರ್ಡಿನ ಹೊರಗೆ ಗೋಡೆಗೆ ಆತು ಕುಳಿತು, ಹೆಂಡತಿಯ ಚಪ್ಪಲಿಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ.

ಎರಡು ದಿನ ಬಿಟ್ಟು ಕುರುಗೋಡಿನಿಂದ ಮೊದಲ ಬಸ್ಸಿಗೆ ಹೆಂಗಸರು ಬಂದರು. ಮುಂದೆ ಎರ್ರಮ್ಮ, ಹಿಂದೆ ಓಣಿಯ ನಾಲ್ಕೈದು ಮಂದಿ, ನಡುವೆ ಅಂಬಮ್ಮ. ಅವರು ಬಂದದ್ದು ಯಾಕೆಂದು ನನಗೆ ನೋಡಿದ ಕೂಡಲೇ ತಿಳಿಯಿತು. ಅಂಬಮ್ಮನ ತಲೆಗೂದಲು ಇನ್ನೂ ಒದ್ದೆಯಿತ್ತು, ಹಣೆಗೆ ವಿಭೂತಿ ಹಚ್ಚಿದ್ದರು. ತುಂಬಿದ ಹೊಟ್ಟೆ ಹೊತ್ತು ನಿಂತಿದ್ದ ಹುಡುಗಿಯ ತುಟಿಗಳು ಒಣಗಿ ಬಿಳಿಚಿಕೊಂಡಿದ್ದವು. ಹೊರಗೆ ಹೋಗಿ ಎಂದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಕಣ್ಣು ಬಿಟ್ಟಳು.

ಎರ್ರಮ್ಮ ಮಂಚದ ಹತ್ತಿರ ಬಂದಳು. ಅವಳ ಕಣ್ಣಲ್ಲೂ ನೀರಿತ್ತು, ಸುಳ್ಳು ಹೇಳಬಾರದು. "ಕೊಟ್ರವ್ವ, ನೀ ಹೋದ್ರ ನಮಗ ಯಾರು ದಿಕ್ಕು? ಸೊಸಿನ್ನ ಕರಕೊಂಡ್ ಬಂದೀವಿ. ಕೈ ಕೊಟ್ಟು ಹೋಗವ್ವ."

ಒಬ್ಬಳು ಅಂಬಮ್ಮನನ್ನು ಮುಂದಕ್ಕೆ ನೂಕಿದಳು. ಹುಡುಗಿ ಬಲಗೈ ಹೆಬ್ಬೆರಳನ್ನು ಮುಂದೆ ಚಾಚಿದಳು. ಅಕ್ಕ ಆ ಬೆರಳನ್ನು ನೋಡಲಿಲ್ಲ, ಮುಖವನ್ನು ನೋಡಿದಳು.

"ಏನರ ಉಂಡಿಯೇನವ್ವ?"

"ಇಲ್ಲತ್ತಿ."

"ಯಾವಾಗಿಂದ?"

"ನಿನ್ನಿ ಸಂಜಿಂದ," ಎಂದಳು ಅಂಬಮ್ಮ. "ಇವರು ಬ್ಯಾಡಂದ್ರು."

ಅಕ್ಕ ನನ್ನ ಕಡೆ ಕಣ್ಣು ತಿರುಗಿಸಿ, "ವಿರೂಪಿ, ನಿನ್ನ ಚೀಲದಾಗ ಏನೈತಿ?" ಎಂದಳು. ನಾನು ಬೆಳಗ್ಗೆ ಕ್ಯಾಂಟೀನಿನಲ್ಲಿ ಭಾವನಿಗೆಂದು ಕಟ್ಟಿಸಿಕೊಂಡಿದ್ದ ಇಡ್ಲಿಯ ಪೊಟ್ಟಣ ಹಾಗೇ ಇತ್ತು. ಬಿಚ್ಚು ಎಂದಳು, ಬಿಚ್ಚಿದೆ. ಹತ್ತಿರ ತಾ ಎಂದಳು, ಹಿಡಿದೆ. ಮೇಲೆತ್ತಲು ಬಾರದ ಕೈಯನ್ನು ಎತ್ತಿ ಇಡ್ಲಿ ಮುರಿದಳು. ಆ ಹೆಬ್ಬೆರಳಿನಲ್ಲಿ ಹಿಡಿದ ತುಂಡು ಅಂಬಮ್ಮನ ಬಾಯಿಯ ಹತ್ತಿರ ಹೋಯಿತು.

ಎರ್ರಮ್ಮ ಹೌಹಾರಿದಳು. "ಏ ಕೊಟ್ರವ್ವ! ಏನ್ ಮಾಡಾಕ್ಹತ್ತೀಯವ್ವ! ಕೈ ದಾಟಂಗಿಲ್ಲ!"

ಅಂಬಮ್ಮ ಬಾಯಿ ಮುಚ್ಚಿಕೊಂಡು ಎರ್ರಮ್ಮನನ್ನೂ ಅತ್ತೆಯನ್ನೂ ನೋಡಿದಳು. ಯಾರಿಗೆ ಹೂಂ ಎನ್ನಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಬಾಯಿ ತೆರಿ," ಎಂದಳು ಅಕ್ಕ. "ನನ್ನ ಕಣ್ಮುಂದ ಉಣ್ಣು, ಮಗಳ."

ಹುಡುಗಿ ಬಾಯಿ ತೆರೆದಳು. ಅಕ್ಕ ತುತ್ತಿಟ್ಟಳು. ಅದನ್ನು ಅಗಿಯುತ್ತ ಅಂಬಮ್ಮ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಆದರೂ ಉಗುಳಲಿಲ್ಲ, ನುಂಗಿದಳು. ಅಕ್ಕ ಇನ್ನೊಂದು ತುತ್ತು ಕೊಟ್ಟಳು.

ಬಾಗಿಲಿಗೆ ಬಂದವರನ್ನು ಹಿಂದಕ್ಕೆ ಕಳಿಸಬಾರದೆಂದೇ ಬದುಕಿದ ನನ್ನ ಅಕ್ಕ ತನ್ನ ಬದುಕಿನಲ್ಲಿ ಎರಡನೆಯ ಸಲ ಬಂದವರಿಗೆ ಇಲ್ಲ ಎಂದಳು. ಈ ಸಲ ಅದು ಜ್ವರದಲ್ಲಿ ಬಾಯಿ ತಪ್ಪಿ ಬಂದ ಮಾತಾಗಿರಲಿಲ್ಲ.

ಎರ್ರಮ್ಮ ನೆಲಕ್ಕೆ ಕುಸಿದು ಕುಳಿತಳು. "ಇನ್ನ ನಮ್ಮ ಗತಿ ಏನವ್ವ?"

"ಹೊಟ್ಟಿ ನೊಂದ್ರ ದವಾಖಾನಿಗೆ ಬರ್ರಿ," ಎಂದಳು ಅಕ್ಕ. ಒಂದೊಂದು ಮಾತಿಗೂ ಉಸಿರು ಸಾಲುತ್ತಿರಲಿಲ್ಲ. "ಅಳು ಬಂದ್ರ ಒಬ್ರ ಮಗ್ಗಲಕ ಒಬ್ರು ಕುಂತು ಅಳ್ರಿ. ಅದಕ್ಕ ನನ್ನ ಕೈ ಯಾಕ ಬೇಕು?" ಆಮೇಲೆ ನನ್ನನ್ನು ಹತ್ತಿರ ಕರೆದಳು. ನಾನು ಬಾಗಿದೆ. "ಹನುಮಮ್ಮ ಸಿಟ್ಟಾಗ್ತಾಳೇನಲೇ?" ಎಂದು ಕೇಳಿದಳು.

"ಇಲ್ಲಕ್ಕ. ಆಗಂಗಿಲ್ಲ," ಎಂದೆ.

ಅಂದು ಮಧ್ಯಾಹ್ನ ಅಕ್ಕ ಹೋದಳು. ಕುರುಗೋಡಿಗೆ ತಂದು ಹೊಲದಲ್ಲಿ ಅತ್ತೆಯ ಪಕ್ಕದಲ್ಲೇ ಮಣ್ಣು ಕೊಟ್ಟೆವು. ಎಷ್ಟು ಊರುಗಳ ಹೆಂಗಸರು ಬಂದಿದ್ದರೆಂದರೆ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಳುತ್ತಿದ್ದರು.

ಬೇಸಿಗೆ ರಜೆ ಬಂದಾಗ ಮತ್ತೆ ಆ ಮನೆಗೆ ಹೋದೆ. ಅಂಬಮ್ಮನಿಗೆ ಹೆಣ್ಣು ಮಗು ಹುಟ್ಟಿತ್ತು. ಬೆಳಗ್ಗೆ ಎದ್ದು ನೋಡಿದರೆ ಜಗಲಿ ಖಾಲಿ. ಭಾವ ಒಲೆಯ ಮುಂದೆ ಕುಳಿತಿದ್ದ. ಈಗ ಕುದಿಯುತ್ತಿದ್ದದ್ದು ಗಂಜಿ. ಬಿಸಿ ರೊಟ್ಟಿ, ತುಪ್ಪ, ಗಂಜಿಯ ಬಟ್ಟಲು ತಂದು ಸೊಸೆಯ ಮುಂದಿಟ್ಟು ಎದುರಿಗೆ ಕುಕ್ಕುರುಗಾಲಲ್ಲಿ ಕುಳಿತ. ಅವಳು ಕೊನೆಯ ತುತ್ತು ತಿನ್ನುವವರೆಗೂ ಅಲ್ಲಿಂದ ಏಳಲಿಲ್ಲ. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಇದೇ ಮನುಷ್ಯ ನನ್ನ ಅಕ್ಕನ ಮುಂದೆ ಹೀಗೆ ಒಂದು ವಾರ ಕುಳಿತಿದ್ದರೆ ಸಾಕಾಗುತ್ತಿತ್ತು. ಬಾಯಿಗೆ ಬಂದ ಆ ಮಾತನ್ನು ಆಡೋಣವೆಂದು ಹತ್ತಿರ ಹೋದೆ. ಹೋದ ಮೇಲೆ ಆತನ ಕುತ್ತಿಗೆಯ ಮೂಳೆಗಳು ಕಂಡವು.

"ಭಾವ, ನೀವು ಉಂಡ್ರೇನು?"

"ಆಮ್ಯಾಲ," ಎಂದ.

ಅಂಬಮ್ಮ ತಲೆ ಎತ್ತಿದಳು. "ಮಾವ ಮುಂಜಾನೆ ಏನೂ ಮುಟ್ಟಂಗಿಲ್ರಿ ಚಿಕ್ಕತ್ತಿ. ಹೊತ್ತು ತಿರುಗಿದ ಮ್ಯಾಲನ ಉಣ್ಣೋದು. ಎಷ್ಟು ಹೇಳಿದ್ರೂ ಕೇಳವಲ್ರು."

ನಾನು ಒಂದು ತಟ್ಟೆಯಲ್ಲಿ ರೊಟ್ಟಿ ಹಾಕಿ ತಂದು ಆತನ ಮುಂದಿಟ್ಟೆ. ಅಕ್ಕ ಅಂಬಮ್ಮನಿಗೆ ಹೇಳಿದ ಹಾಗೆಯೇ, ನನ್ನ ಕಣ್ಮುಂದೆ ಉಣ್ಣಿ ಎಂದೆ. ಭಾವ ರೊಟ್ಟಿಯ ಅಂಚು ಮುರಿದ, ಕೈಯಲ್ಲೇ ಹಿಡಿದು ಖಾಲಿ ಜಗಲಿಯ ಕಡೆ ನೋಡಿದ.

"ಆಕಿ ಅಲ್ಲಿ ಹಸಗೊಂಡು ಕುಂತಿದ್ಳು," ಎಂದ. "ನಾನು ಇಲ್ಲಿ, ಈ ಒಲಿ ಮುಂದ ಕುಂತು, ದಿನಾ ಮುಂಜಾನೆ ಹೊಟ್ಟಿ ತುಂಬ ಉಂಡೀನಿ ವಿರೂಪಮ್ಮ."